ಲ್ಯಾಟಿನ್ನಿಗೊಬ್ಬ ಸಾಕ್ಷಿ

ಇವತ್ತು ಕಪಾಟು ಒರೆಸುವಾಗ ನನ್ನ ಪಿಎಚ್‌ಡಿ ಪ್ರಬಂಧ ಕೈಗೆ ಬಂತು. ಬೈಂಡಿನ ಗೋಂದಿನ ವಾಸನೆ ಇನ್ನೂ ಹೋಗಿಲ್ಲ. ತೆರೆದವರು ಇದ್ದರೆ ತಾನೇ ಹೋಗುವುದು! ಇಂಗ್ಲಿಷ್ ವಾಕ್ಯದಲ್ಲಿ ಪದಗಳು ಸಾಲು ತಪ್ಪುವಂತಿಲ್ಲ, ಲ್ಯಾಟಿನ್ನಿನಲ್ಲಿ ಬೇಕಾದಲ್ಲಿ ಕೂರುತ್ತವೆ, ಏಕೆ ಎಂಬುದು ಅದರ ವಿಷಯ. ಪುತ್ತೂರಿನಲ್ಲಿ ಕುಳಿತು ಇಂಥದ್ದನ್ನು ಆರಿಸಿಕೊಂಡವನ ಬುದ್ಧಿಯ ಬಗ್ಗೆ ನೀವು ಏನಂದುಕೊಂಡರೂ ನನಗೆ ಬೇಸರವಿಲ್ಲ.

ಇಂಗ್ಲಿಷಿಗೆ ಆಕರಗಳು ಹೇಗೋ ಸಿಕ್ಕವು. ಲ್ಯಾಟಿನ್ನಿನ ಲೇಖನಗಳು ಮಾತ್ರ ಅಂತರ್ಜಾಲದಲ್ಲಿ ಮೊದಲ ಪುಟ ತೋರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದವು. ನಮ್ಮ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವ ಗೆಳೆಯ, ಗುತ್ತಿಗಾರಿನವನು, ದಾರಿ ತೋರಿಸಿದ. "ಲ್ಯಾಟಿನ್ ಅಲ್ವಾ ಮಾರಾಯ? ಕಾಣಿಯೂರಿನ ಹತ್ತಿರ ರಿಟೈರ್ ಆದ ಫಾದರ್ ಒಬ್ರು ಇದ್ದಾರೆ. ಹೋಗಿ ಕೇಳು."

ತೊಂಬತ್ತರ ಹತ್ತಿರದ ಆ ಫಾದರ್ ಪಾದ್ರಿಯಾಗಲು ಸೆಮಿನರಿಯಲ್ಲಿ ಓದಿದ್ದೇ ಲ್ಯಾಟಿನ್ನಿನಲ್ಲಿ. ಪ್ರಶ್ನೆ ಕೇಳಿದರೆ ಕಣ್ಣು ಮುಚ್ಚಿ ಪ್ರಾರ್ಥನೆಯೊಂದನ್ನು ಮೊದಲಿನಿಂದ ಗುನುಗುತ್ತ, ಬೇಕಾದ ವಾಕ್ಯ ಬಂದಲ್ಲಿ ನಿಲ್ಲುತ್ತಿದ್ದರು, ಮಕ್ಕಳು ಮಗ್ಗಿ ಹೇಳಿ ಉತ್ತರ ಹುಡುಕುವ ಹಾಗೆ. ಯಾವ ಪುಸ್ತಕ, ಯಾವ ಪುಟ ಎಂದರೆ ಮಾತ್ರ, "ಪುಸ್ತಕ ಎಂತಕ್ಕೆ ಮಾಷ್ಟ್ರೇ? ನಾನುಂಟಲ್ಲ" ಅನ್ನುತ್ತಿದ್ದರು.

ನನ್ನ ಗೈಡ್ ಒಪ್ಪಲಿಲ್ಲ. "ಸತ್ತ ಭಾಷೆಗೆ ಬದುಕಿರುವವರ ಸಾಕ್ಷಿ ನಡೆಯುವುದಿಲ್ಲ. ಪುಸ್ತಕ ತನ್ನಿ, ಇಲ್ಲವೇ ಅಧ್ಯಾಯ ತೆಗೆಯಿರಿ." ಆ ಅಧ್ಯಾಯ ಹೋದರೆ ಪ್ರಬಂಧದಲ್ಲಿ ಉಳಿಯುವುದು ಮುನ್ನುಡಿ ಮತ್ತು ಕೃತಜ್ಞತೆ. ಸಪ್ಪೆ ಮುಖ ಹೊತ್ತು ಹೋಗಿ ಫಾದರಿಗೆ ಹೇಳಿದೆ.

"ಸತ್ತದ್ದಾ?" ಅವರು ನನ್ನನ್ನೇ ನೋಡಿದರು. "ನಾನು ಬೆಳಿಗ್ಗೆ ಮಾತಾಡಿದ್ದೇನಲ್ಲ."

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಅವರು ಮಾತಾಡಿದ್ದು ಯಾರ ಹತ್ತಿರ ಎಂಬುದು ಆಮೇಲೆ ಹೊಳೆದು ಸಂಕಟವಾಯಿತು.

ಆದರೂ ಅವರೇ ಮಂಗಳೂರಿನ ಹಳೆಯ ಸಹಪಾಠಿಗೆ ಫೋನ್ ಮಾಡಿದರು. ನಮ್ಮ ಕಡೆ ಅವಸರದ ವಸ್ತುಗಳು ಅಂಚೆಗೆ ಕಾಯುವುದಿಲ್ಲ, ಬಸ್ಸಿನಲ್ಲಿ ಬರುತ್ತವೆ. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಯಾರದೋ ಮದುವೆಯ ಮಲ್ಲಿಗೆಯ ಜೊತೆ ನನ್ನ ಲ್ಯಾಟಿನ್ ವ್ಯಾಕರಣವನ್ನೂ ಇಳಿಸಿದ. ಫಾದರ್ ಹೇಳಿದ್ದೆಲ್ಲ ಅದರಲ್ಲಿತ್ತು, ಒಂದು ವಿವರಣೆ ಬಿಟ್ಟು. ಅದಕ್ಕೆ ಆಕರವಾಗಿ ಅವರ ಹೆಸರನ್ನೇ ಹಾಕಿದೆ. ಗೈಡ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು, ಹೊಡೆದುಹಾಕಲಿಲ್ಲ.

ಪ್ರಬಂಧದ ಪ್ರತಿ ಕೊಡಲು ಹೋದಾಗ ಫಾದರ್ ಆಕರಗಳ ಪುಟ ತೆರೆದು, ತಮ್ಮ ಹೆಸರಿನ ಮೇಲೂ ಕೆಳಗೂ ಇದ್ದ ಹೆಸರುಗಳ ಮೇಲೆ ಬೆರಳಾಡಿಸಿದರು.

"ಇವರೆಲ್ಲ ಎಲ್ಲಿದ್ದಾರೆ?"

"ಹೆಚ್ಚಿನವರು ತೀರಿಹೋಗಿದ್ದಾರೆ ಫಾದರ್."

"ಹಾಗಾದ್ರೆ ಕೇಳ್ಲಿಕ್ಕೆ ಎಂತಾದ್ರೂ ಉಂಟಾದ್ರೆ ಬೇಗ ಬನ್ನಿ ಮಾಷ್ಟ್ರೇ."

ಈಗ ಪ್ರಬಂಧವನ್ನು ಮತ್ತೆ ಕಪಾಟಿಗೆ ಸೇರಿಸಿ ಅಂಗಿ ಹಾಕಿಕೊಂಡೆ. ಕೇಳಲು ನನ್ನಲ್ಲಿ ಒಂದು ಪ್ರಶ್ನೆಯೂ ಉಳಿದಿಲ್ಲ. ಕಾಣಿಯೂರು ಮುಟ್ಟುವುದರೊಳಗೆ ಒಂದನ್ನು ಹುಟ್ಟಿಸಿಕೊಳ್ಳಬೇಕು.