ನೇತ್ರಾಳಿಗಾಗಿ ಏಳದ ಕೈ

ದೇವರ ವಿದ್ಯೆ ಓದಿದವರಿಗೆ ನೌಕರಿ ಯಾರು ಕೊಡುತ್ತಾರೆ ಎಂದು ಜನ ಕೇಳಿದಾಗ ನೇತ್ರಾ ನಗುತ್ತಿದ್ದಳು. ಅವಳಿಗೆ ನೌಕರಿ ಕಾದಿತ್ತು. ಮುಂಬಯಿಯ ಚೆಂಬೂರಿನ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಪಾಸ್ಟರ್ ಕೆಲಸ. ಮಾತು ಕೊಟ್ಟವನು ಸಭೆಯ ಕಾರ್ಯದರ್ಶಿ ಸಿದ್ದರಾಮಪ್ಪ, ಅವಳ ಸ್ವಂತ ಸೋದರಮಾವ. “ಓದಿ ಬಾರವಾ. ಈಗಿನ ಪಾಸ್ಟರು ಇಳದ್ರಂದ್ರ ಆ ಜಾಗಾ ನಿಂದ,” ಎಂದು ಇಡೀ ಸಭೆಯ ಎದುರು ಹೇಳಿದ್ದ. ನಾನೂ ಅಲ್ಲೇ ಕೂತಿದ್ದೆ. ನಮ್ಮದೂ ಅವರದೂ ಒಂದೇ ಬಿಲ್ಡಿಂಗ್, ಅಕ್ಕಪಕ್ಕದ ಮನೆ.

ಅಂಧೇರಿಯ ಇನ್ಶೂರೆನ್ಸ್ ಆಫೀಸಿನ ಕೆಲಸ ಬಿಟ್ಟು ಹುಡುಗಿ ಓದಲು ಹೋದಳು. ಮೊದಲು ದೇವಶಾಸ್ತ್ರದ ಪದವಿ ಬಿ.ಡಿ., ಆಮೇಲೆ ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಎಂ.ಟಿಎಚ್. ಅದರ ಮೂಲ ಭಾಷೆ ಹೀಬ್ರೂವನ್ನೂ ಕಲಿತಳು. ಓದು ಮುಗಿಯುತ್ತಲೇ ಅದೇ ಕಾಲೇಜಿನವರು ಪಾಠ ಹೇಳಲು ಕರೆದರು, ಇರಲು ಕ್ವಾರ್ಟರ್ಸ್ ಬೇರೆ. ಒಲ್ಲೆ ಎಂದು ಬಂದಳು. “ನಮ್ಮ ಮಂದಿ ನನ್ನ ದಾರಿ ಕಾಯಾಕತ್ತಾರ, ಕಾಕು,” ಎಂದಳು ನನಗೆ. ಕೈಗೆ ಬಂದ ತುತ್ತು ಬಿಟ್ಟು ಬಂದವಳನ್ನು ಬೈಯಬೇಕಿತ್ತು. ನನಗೋ ಹೆಮ್ಮೆ!

ಸಭೆಯವರು ಎರಡು ವರ್ಷ ಪುಕ್ಕಟೆ ದುಡಿಸಿಕೊಂಡರು. ಪಾಸ್ಟರಿಗೆ ಭಾನುವಾರದ ಉಪದೇಶ ಬರೆದುಕೊಟ್ಟಳು, ಹೆಂಗಸರ ಕೂಟ ನಡೆಸಿದಳು, ನಮ್ಮಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಮಂಚದ ಪಕ್ಕ ಕೂತು ಪ್ರಾರ್ಥಿಸಿದಳು.

ಪಾಸ್ಟರು ನಿವೃತ್ತರಾದರು. ಆ ಭಾನುವಾರ ಆರಾಧನೆ ಮುಗಿದ ಮೇಲೆ ಸಿದ್ದರಾಮಪ್ಪ ಎದ್ದು ಆ ಜಾಗಕ್ಕೆ ಒಂದಲ್ಲ, ಎರಡು ಹೆಸರು ಹೇಳಿದ. ನೇತ್ರಾ, ಮತ್ತು ಅನಿಲ. ಅನಿಲ ಎಂದರೆ ಸಿದ್ದರಾಮಪ್ಪನ ಮಗಳ ಗಂಡ, ಆರು ತಿಂಗಳ ಬೈಬಲ್ ಕೋರ್ಸ್ ಮಾಡಿ ಗಿಟಾರ್ ಬಾರಿಸುವವನು. ನೇತ್ರಾಳ ಮುಖ ಬಿಳಿಚಿಕೊಂಡಿತು. ಆದರೂ ಧೈರ್ಯ ಬಿಡಲಿಲ್ಲ. ಆರಿಸುವುದು ಕೈ ಎತ್ತಿಸಿ, ಸಭೆಯಲ್ಲಿ ಹೆಂಗಸರೇ ಹೆಚ್ಚು.

ನೇತ್ರಾಳ ಪರ ಇರುವವರು ಕೈ ಎತ್ತಿ ಎಂದರು. ನಾನು ಎತ್ತಿದೆ. ಹಿಂದಿನ ಬೆಂಚಿನಲ್ಲಿ ಇನ್ನೂ ನಾಲ್ಕೈದು ಕೈ ಎದ್ದವು. ನನ್ನ ಪಕ್ಕದಲ್ಲಿ ಅವಳ ತಾಯಿ ಚಂದ್ರವ್ವ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಹೆತ್ತವಳೇ ಎತ್ತದ ಮೇಲೆ ನಮಗೇನು ಎಂದು ಉಳಿದ ಹೆಂಗಸರೂ ಸುಮ್ಮನೆ ಕೂತರು. ಮುಂದಿನ ಸಾಲಿನಿಂದ ನೇತ್ರಾ ತಿರುಗಿ ನೋಡಿದಳು, ತಾಯಿಯನ್ನೊಬ್ಬಳನ್ನೇ. ನನಗೆ ಚಂದ್ರವ್ವನ ರಟ್ಟೆ ಹಿಡಿದು ಎಳೆಯುವಷ್ಟು ಸಿಟ್ಟು ಬಂತು. ಪಾಸ್ಟರ್ ಜಾಗ ಅನಿಲನಿಗೆ ಹೋಯಿತು.

ಮನೆಯ ಮೆಟ್ಟಿಲು ಹತ್ತುವಾಗ ನೇತ್ರಾ ಕೇಳಿದಳು, “ಮಾವ ಅಳಿಯನ್ನ ನೋಡ್ಕೊಂಡ, ಇರ್ಲಿ. ನಿನಗೇನಾಗಿತ್ತವ್ವಾ?”

“ನನಗೂ ಮನಸಿತ್ತವಾ,” ಎಂದಳು ಚಂದ್ರವ್ವ. “ಆದ್ರ ಪಾಸ್ಟರು ಆರಾಧನಾದಾಗ ಹಂಚೂ ಕರ್ತನ ಭೋಜನ ಹೆಣ್ಣಮಕ್ಕಳ ಕೈಯಿಂದ ಹೆಂಗ ತಗೊಳ್ಳೂದು? ತಿಂಗಳಾ ಮುಟ್ಟು ಇರ್ತೈತಿ.”

“ಆ ಭೋಜನದ ರೊಟ್ಟಿ ಇಷ್ಟು ವರ್ಷ ಯಾರ ಸುಟ್ಟಾರ?”

ಮದುವೆಯಾಗಿ ಬಂದಾಗಿನಿಂದ ಆ ರೊಟ್ಟಿ ಸುಟ್ಟವಳು ಚಂದ್ರವ್ವನೇ. ಅವತ್ತು ಮುಟ್ಟಿನ ದಿನವೋ ಎಂದು ಒಬ್ಬರೂ ಕೇಳಿದ್ದಿಲ್ಲ.

ಕಾಲೇಜಿನ ಜಾಗ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ನೇತ್ರಾ ಈಗ ವಿಲೆ ಪಾರ್ಲೆಯ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ನೀತಿಪಾಠ ಹೇಳುತ್ತಾಳೆ, ಅಡ್ಮಿಷನ್ ಕಾಲದಲ್ಲಿ ಫೋನ್ ಎತ್ತುತ್ತಾಳೆ. ಅವಳ ಹೀಬ್ರೂ ಅಲ್ಲಿ ಯಾರಿಗೆ ಬೇಕು?

ಮೊನ್ನೆ ಚಂದ್ರವ್ವ ಜ್ವರ ಬಂದು ಮಲಗಿದ್ದಳು. ನಾನು ನೋಡಲು ಹೋದಾಗ ಮಗಳು ಗಂಜಿ ಕುಡಿಸಿ, ಗುಳಿಗೆ ನುಂಗಿಸಿ, ಹೊದಿಕೆ ಸರಿಮಾಡುತ್ತಿದ್ದಳು.

“ಒಂದು ಪ್ರಾರ್ಥನಾ ಮಾಡವಾ,” ಎಂದು ಕೇಳಿದಳು ಚಂದ್ರವ್ವ. “ನೀ ಮಾಡಿದ್ರ ಮನಸ್ಸಿಗೆ ಸಮಾಧಾನ ಆಗ್ತೈತಿ.”

ನೇತ್ರಾ ಫೋನ್ ಕೈಗೆ ತೆಗೆದುಕೊಂಡಳು.

“ತಡಿ ಅವ್ವಾ,” ಎಂದಳು, “ಪಾಸ್ಟರನ್ನ ಕರಸ್ತೀನಿ.”