ಇಪ್ಪತ್ತು ನಿಮಿಷದ ಪ್ರಬಂಧ

೨೦೧೮ನೆಯ ಇಸವಿಯ ನವೆಂಬರ್ ಹದಿನಾಲ್ಕು, ಬುಧವಾರ. ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು, ಬೆಳಗಿನಿಂದ ಮೋಡ ಕವಿದಿತ್ತು, ಬ್ಯೂಟಿ ಪಾರ್ಲರಿನ ಅಕ್ಕ ಎಂದಿನಂತೆ ಕಂಕುಳಲ್ಲಿ ಪುಸ್ತಕ ಇರುಕಿಕೊಂಡೇ ಬಾಗಿಲು ತೆರೆದಿದ್ದರು. ಅಮೆರಿಕದ ಸಿನಿಮಾ, ಜಾಹೀರಾತು, ಕಚೇರಿಗಳಲ್ಲಿ ಹೆಣ್ಣನ್ನು ಹೇಗೆ ಕೀಳಾಗಿ ಕಾಣುತ್ತಾರೆಂದು ಅಲ್ಲಿಯ ಸ್ತ್ರೀವಾದಿಗಳು ಬರೆದ ಪ್ರಬಂಧ ಸಂಕಲನಗಳೆಂದರೆ ಅವರಿಗೆ ಪ್ರಾಣ. ಕಾಲವನ್ನೂ ಅದರಲ್ಲೇ ಅಳೆಯುತ್ತಿದ್ದರು: ಕೂದಲಿಗೆ ಬಣ್ಣ ಹಿಡಿಯಲು ಎರಡು ಪ್ರಬಂಧ, ಮುಖದ ಬ್ಲೀಚಿಗೆ ಒಂದು. ಗಿರಾಕಿಯ ಮುಖಕ್ಕೆ ಬಳಿಯುವುದನ್ನು ಬಳಿದು, ಪಕ್ಕದಲ್ಲೇ ಕುಳಿತು, ಹೆಣ್ಣಿಗೆ ಮೊದಲು ನಾಚಿಕೆ ಹುಟ್ಟಿಸಿ ಆಮೇಲೆ ಕ್ರೀಮು ಮಾರುವವರ ಜನ್ಮ ಜಾಲಾಡುವ ಪುಟಗಳನ್ನು ಓದಿ ಹೇಳುತ್ತಿದ್ದರು. "ಮತ್ತೆ ನೀವು ಮಾಡ್ತಿರೋದೇನಕ್ಕಾ?" ಎಂದು ಯಾರಾದರೂ ಕೆಣಕಿದರೆ, "ಹೊಟ್ಟೆಪಾಡು ಕಣಮ್ಮ. ಬಾಯಿ ಮುಚ್ಚು, ಫೇಸ್‌ಪ್ಯಾಕ್ ಬಿರುಕು ಬಿಡತ್ತೆ" ಎನ್ನುತ್ತಿದ್ದರು. ಅಂದು ಭಾವೀ ಅತ್ತೆಯೊಬ್ಬರು ಹುಡುಗಿಯನ್ನು ಕರೆತಂದು, "ಬಣ್ಣ ಸ್ವಲ್ಪ ತಿಳಿ ಮಾಡಿ, ನೆಂಟರ ಮುಂದೆ ನಮ್ಮ ಮರ್ಯಾದೆ ಹೋಗಬಾರದು" ಎಂದು ಕೂರಿಸಿ ಪಕ್ಕದ ಅಂಗಡಿಗೆ ಹೋದರು. "ಹೋದ ಸಲ ಬೇರೆ ಕಡೆ ಮಾಡ್ಸಿದಾಗ ವಾರವೆಲ್ಲ ಮುಖ ಉರೀತಿತ್ತಕ್ಕಾ" ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಅಕ್ಕ ಬ್ಲೀಚಿನ ಡಬ್ಬಿಯನ್ನು ತೆರೆದವರು ಹಾಗೆಯೇ ಮುಚ್ಚಿದರು. ಇಪ್ಪತ್ತು ನಿಮಿಷದ ಪ್ರಬಂಧವೊಂದನ್ನು ಪೂರ್ತಿ ಓದಿ ಹೇಳಿ, ತಣ್ಣೀರಿನಲ್ಲಿ ಮುಖ ತೊಳೆಸಿದರು. ಹಿಂತಿರುಗಿದ ಅತ್ತೆ ಹುಡುಗಿಯ ಗಲ್ಲ ಹಿಡಿದೆತ್ತಿ ನೋಡಿ, "ಎಷ್ಟು ಬೆಳ್ಳಗಾಗಿದಾಳೆ, ಏನು ಕೈಗುಣ ನಿಮ್ದು" ಎಂದರು. ಮದುವೆ ೨೦೧೯ರ ಫೆಬ್ರವರಿ ಹತ್ತು, ಭಾನುವಾರ ನಡೆಯಿತು. ಸೊಸೆಗೆ ಮಾಡಿದ್ದನ್ನೇ ತನಗೂ ಮಾಡಬೇಕೆಂದು ಅತ್ತೆಯೂ ತಿಂಗಳ ಎರಡನೆಯ ಬುಧವಾರ ಬರತೊಡಗಿದರು. ಆ ವರ್ಷದ ಕೊನೆಗೆ ಅತ್ತೆಗೆ ಓದಿ ಹೇಳಿ ಸಂಕಲನದ ಹನ್ನೊಂದು ಪ್ರಬಂಧಗಳು ಮುಗಿದಿದ್ದವು, ಅಂದು ತೆರೆದು ಮುಚ್ಚಿದ ಬ್ಲೀಚಿನ ಡಬ್ಬಿ ತುಂಬಿದಂತೆಯೇ ಇತ್ತು.