ದೀದಿಗಾಗಿ ಕೊಂಡ ಲೆನ್ಸು

ಹೋದ ತಿಂಗಳು ಕಪಾಟಿನ ಮೇಲಿನ ಖಾನೆ ತೆರವು ಮಾಡುವಾಗ ಕಂದು ಚರ್ಮದ ಉದ್ದನೆಯ ಲೆನ್ಸಿನ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದೆ. ಹಳೆಯ ಚರ್ಮ, ಕರಗಿಹೋದ ಕರ್ಪೂರ, ಅದರಡಿಯಲ್ಲೆಲ್ಲೋ ಸಣ್ಣಗೆ ಬೂಷ್ಟು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಭತ್ತದ ಗದ್ದೆಗಳ ಮೇಲೆ ಮಲಗಿದ್ದ ಮಂಜು ಕಣ್ಣ ಮುಂದೆ ಬಂತು. ಆ ಮಂಜಿನೊಳಗಿಂದ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ದೀದಿ ನಡೆದು ಬಂದರು.

ದೀದಿ ಸಿಂಧನೂರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. ಪೂರ್ವ ಬಂಗಾಲದಿಂದ ಬಂದ ನಿರಾಶ್ರಿತರಿಗೆಂದು ಊರ ಹೊರಗೆ ಮಾಡಿದ್ದ ಕ್ಯಾಂಪಿನ ಬಂಗಾಲಿ ಹೆಣ್ಣುಮಗಳು. ಮದುವೆ ಮಾಡಿಕೊಂಡಿರಲಿಲ್ಲ. ತಾಯಿ, ತಮ್ಮನ ಜೊತೆ ಕ್ಯಾಂಪಿನಲ್ಲೇ ಇದ್ದು ಸೈಕಲ್ ಮೇಲೆ ಡ್ಯೂಟಿಗೆ ಬರುತ್ತಿದ್ದರು. ಸುತ್ತಲಿನ ಊರುಗಳಿಂದ ಹೆರಿಗೆಗೆ ಬಂದವರೆಲ್ಲ ದೀದಿ ಎಂದೇ ಕರೆಯುತ್ತಿದ್ದರು. ಎಂಬತ್ತರ ದಶಕದ ಕೊನೆಯ ಭಾಗ ಅದು. ನಾನು ಮಸ್ಕಿಯಲ್ಲಿ ಕಾಲುವೆ ಆಫೀಸಿನ ಗುಮಾಸ್ತ. ನನ್ನ ಹೆಂಡತಿಯ ಮೊದಲ ಹೆರಿಗೆ ಬಹಳ ಕಷ್ಟದ್ದಾಯಿತು. ದಿನವಿಡೀ ದೀದಿ ಅವಳ ಪಕ್ಕ ಬಿಟ್ಟು ಏಳಲಿಲ್ಲವಂತೆ. ಹೊರಗಿನ ಬೇವಿನ ಗಿಡದ ಕೆಳಗೆ ಕೂತಿದ್ದ ನನಗೆ ಒಳಗೆ ಏನು ನಡೆಯಿತೆಂಬುದು ಇಂದಿಗೂ ಪೂರ್ತಿ ಗೊತ್ತಿಲ್ಲ. ಹೊತ್ತು ಮುಳುಗುವಾಗ ಅವರು ಬಾಗಿಲಿಗೆ ಬಂದು, ಹೆಣ್ಣು ಕೂಸು, ಇಬ್ಬರೂ ಚಲೋ ಅದಾರ ಎಂದಷ್ಟೇ ಹೇಳಿ ಗೋಡೆಗೆ ಒರಗಿ ನಿಂತರು.

ಆಗ ನನಗೆ ಕ್ಯಾಮೆರಾದ ಹುಚ್ಚು. ಹೈದರಾಬಾದಿನಿಂದ ತರಿಸಿದ, ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಅದು. ಅದರ ಜೊತೆ ಬಂದಿದ್ದು ಒಂದೇ ಲೆನ್ಸು, ಕಣ್ಣಿಗೆ ಕಂಡಷ್ಟನ್ನೇ ಹಿಡಿಯುವ ಸಾಧಾರಣ ಲೆನ್ಸು. ಮಗುವಿನ ಫೋಟೊ ತೆಗೆದು ದೀದಿಗೆ ಕೊಡಲು ಹೋದೆ. ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ತಮ್ಮಾ, ನಮ್ಮವ್ವಂದು ಒಂದು ಫೋಟೊ ತಗೀತೀಯೇನು? ಅಕಿ ಕ್ಯಾಮೆರಾ ಕಂಡ್ರ ಮುಖ ಮುಚ್ಕೋತಾಳ. ಹತ್ರ ಹೋಗಾಕ ಆಗೂದಿಲ್ಲ."

ಕಾರಣವನ್ನೂ ಹೇಳಿದರು. ಗಡಿ ದಾಟಿ ಬಂದ ಮೊದಲ ದಿನಗಳಲ್ಲಿ, ಕಾಗದಪತ್ರಕ್ಕೆಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ಹಿಡಿದಿದ್ದರಂತೆ. ಯಾರೋ ಒಬ್ಬ ಬಂದು ದೀದಿಯ ತಾಯಿಯ ತಲೆಯ ಮೇಲಿನ ಸೆರಗನ್ನು ಜಗ್ಗಿ ಕೆಳಗಿಳಿಸಿದ್ದ. ಅಂದಿನಿಂದ ಆ ಅಜ್ಜಿ ಯಾವ ಕ್ಯಾಮೆರಾಕ್ಕೂ ಮುಖ ಕೊಟ್ಟಿರಲಿಲ್ಲ. ಈಗ ಎದೆನೋವು ಶುರುವಾಗಿತ್ತು. ಅದು ಎತ್ತ ಹೊರಟಿದೆ ಎನ್ನುವುದು ನರ್ಸಾದ ಮಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕದ್ದು ತೆಗೆಯುವುದು ಸರಿಯೇ ಎಂದು ನಾನು ಅನುಮಾನಿಸಿದೆ. ಮೊದಲು ಅವಳಿಗೇ ತೋರಿಸುತ್ತೇನೆ, ಬೇಡ ಅಂದರೆ ಅವಳ ಮುಂದೆಯೇ ಹರಿದುಹಾಕುತ್ತೇನೆ ಎಂದರು ದೀದಿ.

ಲಿಂಗಸುಗೂರಿನ ಬಸ್ ನಿಲ್ದಾಣದ ಎದುರು ಒಂದು ಸ್ಟುಡಿಯೊ ಇತ್ತು. ಅದರ ಮಾಲಕರ ಬಳಿ ಮಾರಾಟಕ್ಕೆ ಎರಡು ಹಳೆಯ ಲೆನ್ಸುಗಳಿದ್ದವು. ಎರಡನ್ನೂ ಕೊಳ್ಳುವ ತಾಕತ್ತು ನನಗಿರಲಿಲ್ಲ. ಬಾಗಿಲಲ್ಲಿ ನಿಂತು ಒಂದೊಂದನ್ನೇ ಹಚ್ಚಿ ನೋಡಿದೆ. ಗಿಡ್ಡನೆಯ ಅಗಲ ಲೆನ್ಸಿನಲ್ಲಿ ಇಡೀ ಬಸ್ ನಿಲ್ದಾಣ, ಮೇಲಿನ ಆಕಾಶ, ಕೆಳಗಿನ ಕಡಲೆಕಾಯಿ ಬುಟ್ಟಿಗಳು ಎಲ್ಲವೂ ಒಳಗೆ ಬಂದವು. ಉದ್ದನೆಯದರಲ್ಲಿ ಅದೆಲ್ಲ ಕರಗಿಹೋಯಿತು. ಆಚೆ ಬದಿಯಲ್ಲಿ ಚಹಾ ಕುಡಿಯುತ್ತಿದ್ದ ಮುದುಕನೊಬ್ಬನ ಮುಖ ಮಾತ್ರ ನನ್ನೆದುರು ತೇಲಿ ನಿಂತಿತು. ಅವನಿಗೆ ನಾನು ನೋಡುತ್ತಿರುವುದೇ ಗೊತ್ತಿರಲಿಲ್ಲ...

ಮಾಲಕರು ಅಗಲದ್ದನ್ನೇ ನನ್ನ ಕಡೆ ಸರಿಸಿದರು.

"ಇದನ್ನ ತಗೋರಿ. ಮದುವಿ ಮನ್ಯಾಗ ಹಿಂದ ಸರಿಯಾಕ ಜಾಗ ಎಲ್ಲಿರ್ತೈತಿ? ಇದಿದ್ರ ನಾಕು ಮಂದಿ ಕರೀತಾರ. ಆ ಉದ್ದಂದು ಬರೇ ಶೋಕಿಗೆ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮದುವೆ, ನಾಮಕರಣಗಳ ಫೋಟೊ ತೆಗೆದು ಸಂಬಳಕ್ಕೆ ಒಂದಿಷ್ಟು ಕೂಡಿಸುವ ಆಸೆ ನನಗೂ ಇತ್ತು. ಯಾವುದನ್ನೂ ಕೊಳ್ಳದೆ ಮಸ್ಕಿಗೆ ಮರಳಿ ಬಂದೆ. ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಅವಳು ತೊಟ್ಟಿಲು ತೂಗುತ್ತ ಕೇಳಿಸಿಕೊಂಡಳು.

"ಮದುವಿ ಈ ವರ್ಷ ಅಲ್ಲಂದ್ರ ಮುಂದಿನ ವರ್ಷನೂ ಆಗ್ತಾವ," ಎಂದಳು.

ಅಷ್ಟೇ. ಮುಂದಿನ ಭಾನುವಾರ ನಾನು ಉದ್ದನೆಯ ಲೆನ್ಸನ್ನು ತಂದೆ.

ಕ್ಯಾಂಪಿಗೆ ಹೋದ ಬೆಳಗು ಈಗ ನೆನೆದರೆ ನಿಜವಾಗಿ ನಡೆದದ್ದೋ, ಕನಸಿನಲ್ಲಿ ಕಂಡದ್ದೋ ಎನಿಸುತ್ತದೆ. ದೀದಿಯ ಮನೆಯ ಹಿಂದೆ ಮೀನು ಸಾಕುವ ಹೊಂಡ, ಅದರ ಸುತ್ತ ಬಾಳೆ. ನೀರಿನಿಂದ ಹೊಗೆಯಂತೆ ಮಂಜು ಏಳುತ್ತಿತ್ತು. ಈಚೆ ದಡದಲ್ಲಿ ಪಕ್ಕದ ಮನೆಯವರ ಪಡಸಾಲೆ. ಅಲ್ಲಿ ಭತ್ತದ ಚೀಲದ ಮೇಲೆ ಲೆನ್ಸನ್ನು ಊರಿ ಕೂತೆ. ದೀದಿ ನನ್ನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತರು. ಆಚೆ ದಡದಲ್ಲಿ ಬಿಳಿ ಸೀರೆಯ ಅಜ್ಜಿ ಬಾತುಕೋಳಿಗಳಿಗೆ ತೌಡು ಹಾಕುತ್ತಿದ್ದಳು. ಲೆನ್ಸಿನ ಉಂಗುರ ತಿರುಗಿಸಿದಂತೆ ಬಾಳೆ, ನೀರು, ಮಂಜು ಎಲ್ಲ ಕದಡಿ ಹಿಂದೆ ಸರಿದವು. ಅವಳ ಮುಖ ಮೆಲ್ಲಗೆ ಮೇಲೆದ್ದು ಬಂತು. ಏನನ್ನೋ ಗುನುಗುತ್ತಿದ್ದಳು, ತುಟಿಗಳು ಆಡುತ್ತಿದ್ದವು. ಬಿಸಿಲ ಒಂದು ಎಳೆ ಕೆನ್ನೆಗೆ ತಾಗಿತು. ಬೆನ್ನ ಹಿಂದೆ ದೀದಿ ಉಸಿರು ಬಿಗಿಹಿಡಿದದ್ದು ನನಗೆ ಗೊತ್ತಾಯಿತು. ಒತ್ತಿದೆ.

ಆ ರೀಲಿನಲ್ಲಿ ಚೆನ್ನಾಗಿ ಬಂದದ್ದು ಅದೊಂದೇ. ಲಿಂಗಸುಗೂರಿನ ಮಾಲಕರೇ ದೊಡ್ಡದು ಮಾಡಿ ತೊಳೆದುಕೊಟ್ಟರು. ಶೋಕಿಯ ಮಾತು ಮತ್ತೆ ಎತ್ತಲಿಲ್ಲ.

ದೀದಿ ಒಬ್ಬರೇ ತೋರಿಸಲು ಅಂಜಿದರು. ನನ್ನನ್ನೂ ಕರೆದುಕೊಂಡು ಹೋದರು. ಅಜ್ಜಿ ಫೋಟೊ ತೆಗೆದುಕೊಂಡು ಬೆಳಕಿದ್ದ ಹೊಸ್ತಿಲಿಗೆ ಬಂದಳು. ದೂರ ಹಿಡಿದಳು, ಹತ್ತಿರ ತಂದಳು. ಆಮೇಲೆ ಅವಳ ಗಂಟಲಿಂದ ಸಣ್ಣ ಮಗುವಿನಂಥ ದನಿ ಹೊರಟಿತು.

"ಮಾ..."

ದೀದಿ ಗಾಬರಿಯಾಗಿ, ಇದು ನೀನೇ ಎಂದು ತಿಳಿಹೇಳಲು ನೋಡಿದರು. ಅಜ್ಜಿ ಅಲ್ಲವೆಂದು ತಲೆಯಾಡಿಸಿದಳು. ಗಂಡ ಹೋದ ಮೇಲೆ ಅವಳು ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳಂತೆ. ಇಷ್ಟು ವರ್ಷಗಳಲ್ಲಿ ಅವಳ ಮುಖ ಎಲ್ಲಿಗೆ ಬಂದು ನಿಂತಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ಗಡಿಯ ನದಿಯಾಚೆ ಬಿಟ್ಟುಬಂದ ತಾಯಿಯನ್ನು ಅವಳು ಮತ್ತೆ ಕಂಡಿರಲಿಲ್ಲ. ಆ ತಾಯಿಯ ಒಂದು ಚಿತ್ರವೂ ಅವಳ ಬಳಿ ಇರಲಿಲ್ಲ. ಫೋಟೊವನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ದೇವರ ಗೂಡಿನಲ್ಲಿ ಇಟ್ಟು, ಅಂಗಳದ ದಾಸವಾಳ ಕಿತ್ತು ತಂದು ಏರಿಸಿದಳು.

ನಾವಿಬ್ಬರೂ ಅಂಗಳಕ್ಕೆ ಬಂದು ನಿಂತೆವು. ಅಜ್ಜಿ ನಿಜವಾಗಿ ಹಾಗೆಂದುಕೊಂಡಳೇ, ಇಲ್ಲಾ ಗೊತ್ತಿದ್ದೂ ಹಾಗೆ ಬೇಕಾಯಿತೇ? ಕೇಳುವ ಧೈರ್ಯ ನನಗಿರಲಿಲ್ಲ. ದೀದಿ ಕಣ್ಣೊರೆಸಿಕೊಂಡು ನಕ್ಕರು.

"ನನಗ ನಮ್ಮವ್ವನ ಫೋಟೊ ಬೇಕಂದೆ. ಅಕಿಗೆ ಅಕಿ ಅವ್ವ ಸಿಕ್ಕಳು. ಇರಲಿ ಬಿಡು ತಮ್ಮಾ."

ಇನ್ನೊಂದು ಪ್ರತಿ ಮಾಡಿಸಿಕೊಡುತ್ತೇನೆ ಎಂದೆ. ಬೇಡ ಎಂದರು. ಎರಡು ವರ್ಷ ಅಜ್ಜಿ ಆ ಫೋಟೊದ ಮುಂದೆ ದೀಪ ಹಚ್ಚಿದಳಂತೆ. ಅವಳು ತೀರಿಕೊಂಡ ಮೇಲೆ ಆ ದೀಪವನ್ನು ದೀದಿ ಹಚ್ಚತೊಡಗಿದರು. ಒಂದೇ ಚಿತ್ರ, ಹಿಂದೆ ಅಜ್ಜಿಯ ತಾಯಿ, ಈಗ ದೀದಿಯ ತಾಯಿ. ನನಗೆ ವರ್ಗವಾಯಿತು, ಮತ್ತೆ ಮತ್ತೆ ಊರುಗಳು ಬದಲಾದವು. ಮೊದಮೊದಲು ಹಬ್ಬಕ್ಕೆ ಹೋಗಿಬರುತ್ತಿದ್ದೆವು. ಆಮೇಲೆ ಅದೂ ನಿಂತಿತು...

ಕಪಾಟು ತೆರವು ಮಾಡಿದ ಆ ಭಾನುವಾರವೇ ನಾನೂ ಹೆಂಡತಿಯೂ ಸಿಂಧನೂರಿಗೆ ಹೋದೆವು. ಕ್ಯಾಂಪಿನ ಮನೆ ಈಗ ಸಿಮೆಂಟಿನದು, ಹೊಂಡ ಮುಚ್ಚಿದ್ದಾರೆ. ದೀದಿಯ ತಮ್ಮ ಕುರ್ಚಿ ಹಾಕಿ ಕೂರಿಸಿದರು. ದೀದಿ ತೀರಿಹೋಗಿ ಬಹಳ ದಿನವಾಗಿರಲಿಲ್ಲ. ಕೊನೆಯ ದಿನಗಳನ್ನು ಅವರ ತಮ್ಮನೇ ತಡೆತಡೆದು ಹೇಳಿದರು. ದೀದಿ ಯಾರನ್ನೂ ಗುರುತಿಸುತ್ತಿರಲಿಲ್ಲವಂತೆ. ಬಂಗಾಲಿ ಪೂರ್ತಿ ಬಿಟ್ಟುಹೋಗಿತ್ತು. ಹಾಸಿಗೆಯಿಂದ ಕೈ ಚಾಚಿ, ಪಕ್ಕದಲ್ಲಿ ಕೂತ ತಮ್ಮನ ಸೊಸೆಯ ಮುಂಗೈ ಹಿಡಿದು ಬರೇ ಕನ್ನಡದಲ್ಲಿ ಮಾತಾಡುತ್ತಿದ್ದರು.

"ಏನಂತಿದ್ರು?" ಎಂದಳು ನನ್ನ ಹೆಂಡತಿ.

"ಒಂದೇ ಮಾತು ರೀ. 'ಹೆದರಬ್ಯಾಡವ್ವಾ, ನಾ ಇಲ್ಲೇ ಅದೀನಿ. ಇನ್ನೊಂದೀಟು ತಡಕೋ, ಮುಗೀತು.'"

ಅಷ್ಟು ವರ್ಷಗಳ ಹಿಂದೆ ಆ ಹೆರಿಗೆ ಕೋಣೆಯೊಳಗೆ ಇದ್ದವರು ಇಬ್ಬರು. ಈಗ ನನ್ನ ಹೆಂಡತಿಯೊಬ್ಬಳು. ಅವಳು ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಳು.